ಚರ್ಚೆ: ಹೊರಗಿನ ಸಂಸ್ಥೆಗಳಿಂದ ಪ್ರಜಾಪ್ರಭುತ್ವ ಬಂದೀತೇ?

ಒಂಟಿಸಾಲು:

ಕೆಲವು ದಿನಗಳಿಂದ ಕಾಂಬೋಡಿಯಾ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಒಂದು ಪ್ರಶ್ನೆ ಕೊರೆಯುತ್ತಿದೆ. ಒಬ್ಬನೇ ಯೋಚಿಸಿ ಸಾಕಾಯಿತು, ಇಲ್ಲಿ ಹಾಕುತ್ತಿದ್ದೇನೆ.

ಅಲ್ಲಿನ ಅಂತರ್ಯುದ್ಧ ನಿಲ್ಲಿಸಲು ಆದ 1991ರ ಪ್ಯಾರಿಸ್ ಒಪ್ಪಂದದ ನಂತರ ವಿಶ್ವಸಂಸ್ಥೆ ಅಲ್ಲಿಗೆ ಹೋಯಿತು. ನಾಲ್ಕು ಜನ ವೀಕ್ಷಕರನ್ನು ಕಳಿಸಿ ಸುಮ್ಮನಾದದ್ದಲ್ಲ. ಸೈನಿಕರು, ಪೊಲೀಸರು, ಅಧಿಕಾರಿಗಳು ಎಲ್ಲ ಸೇರಿ ಸುಮಾರು 22,000 ಜನ. ಖರ್ಚು 160 ಕೋಟಿ ಡಾಲರ್ ಆಸುಪಾಸು. ರಕ್ಷಣೆ, ಹಣಕಾಸು, ವಿದೇಶಾಂಗ, ಆಂತರಿಕ ಭದ್ರತೆ, ಮಾಹಿತಿ, ಈ ಐದು ಖಾತೆಗಳ ಮೇಲೆ ನೇರ ಹಿಡಿತ ಇಟ್ಟುಕೊಳ್ಳುವ ಅಧಿಕಾರವೂ ಒಪ್ಪಂದದಲ್ಲಿ ಇತ್ತು. ಇಷ್ಟು ದೊಡ್ಡ ಪ್ರಯತ್ನ ಅದಕ್ಕೆ ಮೊದಲು ಆಗಿರಲಿಲ್ಲ.

1993ರ ಮೇ ತಿಂಗಳಲ್ಲಿ ಚುನಾವಣೆ. ಖ್ಮೇರ್ ರೂಜ್ ಎಂಬ ಸಶಸ್ತ್ರ ಕಮ್ಯುನಿಸ್ಟ್ ಗುಂಪಿನವರು ಚುನಾವಣೆ ನಡೆಯಲು ಬಿಡುವುದಿಲ್ಲ ಎಂದು ಹೆದರಿಸಿದ್ದರು. ಆದರೂ ನೂರಕ್ಕೆ 90ರಷ್ಟು ಮತದಾರರು ಬಂದು ವೋಟು ಹಾಕಿದರು. ರಾಜಕುಮಾರ ರಣರಿದ್ಧ್ ಅವರ ಪಕ್ಷಕ್ಕೆ 58 ಸೀಟು, ಅಧಿಕಾರದಲ್ಲಿದ್ದ ಹುನ್ ಸೆನ್ ಪಕ್ಷಕ್ಕೆ 51.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಸೈನ್ಯ, ಪೊಲೀಸು, ಹಳ್ಳಿ ಹಳ್ಳಿಯ ಆಡಳಿತ ಎಲ್ಲ ಸೋತವರ ಕೈಯಲ್ಲೇ ಇತ್ತು. ಅವರು ಫಲಿತಾಂಶ ಒಪ್ಪಲಿಲ್ಲ. ಪೂರ್ವದ ಕೆಲವು ಪ್ರಾಂತ್ಯಗಳು ದೇಶ ಬಿಟ್ಟು ಹೋಗುತ್ತವೆ ಎಂಬ ಬೆದರಿಕೆ ಬಂತು. ಕೊನೆಗೆ ಆದ ರಾಜಿ ಏನು ಗೊತ್ತಾ? ಒಂದು ದೇಶಕ್ಕೆ ಇಬ್ಬರು ಪ್ರಧಾನಿ. ಗೆದ್ದವರು ಒಂದನೇ ಪ್ರಧಾನಿ, ಸೋತವರು ಎರಡನೇ ಪ್ರಧಾನಿ. ಚುನಾವಣೆ ಯಶಸ್ವಿಯಾಯಿತು ಎಂದು ವಿಶ್ವಸಂಸ್ಥೆ ಗಂಟುಮೂಟೆ ಕಟ್ಟಿತು. 1997ರ ಜುಲೈನಲ್ಲಿ ಎರಡನೆಯವರು ಒಂದನೆಯವರನ್ನು ಬಲದಿಂದ ಹೊರದಬ್ಬಿದರು. 2017ರಲ್ಲಿ ಅಲ್ಲಿನ ಕೋರ್ಟು ಮುಖ್ಯ ವಿರೋಧ ಪಕ್ಷವನ್ನೇ ವಿಸರ್ಜಿಸಿತು. 2018ರಲ್ಲಿ ಹುನ್ ಸೆನ್ ಪಕ್ಷಕ್ಕೆ 125ಕ್ಕೆ 125 ಸೀಟು. 2023ರಲ್ಲಿ ಕುರ್ಚಿ ಮಗನಿಗೆ ಹೋಯಿತು.

ಹಣ ಇತ್ತು, ಸೈನ್ಯ ಇತ್ತು, ಜನರ ಉತ್ಸಾಹ ಇತ್ತು, ದೊಡ್ಡ ದೇಶಗಳ ಒಪ್ಪಿಗೆಯೂ ಇತ್ತು. ಎಲ್ಲ ಇದ್ದೂ ಆಗಲಿಲ್ಲ ಅಂದಮೇಲೆ, ಹೊರಗಿನ ಸಂಸ್ಥೆಗಳು ಪ್ರಜಾಪ್ರಭುತ್ವ ತರುತ್ತವೆ, ಹಕ್ಕು ಕಾಯುತ್ತವೆ ಅನ್ನುವ ಮಾತಿಗೆ ಏನರ್ಥ?

ನಿದ್ದೆಗೆಟ್ಟವ:

ಭದ್ರತಾ ಮಂಡಳಿಯಲ್ಲಿ ಐದು ದೇಶಗಳಿಗೆ ವೀಟೋ, ಅಂದರೆ ಒಬ್ಬರೇ ತೀರ್ಮಾನ ತಡೆಯುವ ಹಕ್ಕು, ಕೊಟ್ಟ ದಿನವೇ ಈ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಚರ್ಚೆಗೆ ಬೀಗ ಹಾಕಿ.

ಕಾನೂನುಕೀಟ:

ಬೀಗ ಆಮೇಲೆ ಹಾಕೋಣ. ಮೊದಲು ಒಂದು ತಪ್ಪು ನಂಬಿಕೆ ಸರಿಪಡಿಸಬೇಕು.

1945ರ ವಿಶ್ವಸಂಸ್ಥೆಯ ಸನ್ನದನ್ನು ಪೂರ್ತಿ ಓದಿ. ಅದರಲ್ಲಿ 'ಪ್ರಜಾಪ್ರಭುತ್ವ' ಎಂಬ ಪದವೇ ಇಲ್ಲ. ಮಾನವ ಹಕ್ಕು ಎಂಬ ಮಾತು ಅಲ್ಲಲ್ಲಿ ಬರುತ್ತದೆ, ಪ್ರಜಾಪ್ರಭುತ್ವ ಬರುವುದಿಲ್ಲ. ಬರುವುದಾದರೂ ಹೇಗೆ? ಸಹಿ ಹಾಕಿದವರಲ್ಲಿ ಸ್ಟಾಲಿನ್ ಸರ್ಕಾರ ಇತ್ತು, ವಸಾಹತುಗಳನ್ನು ಆಳುತ್ತಿದ್ದ ಬ್ರಿಟನ್, ಫ್ರಾನ್ಸ್ ಇದ್ದವು. ಅದರ ಮೇಲೆ 2ನೇ ವಿಧಿಯ 7ನೇ ಕಲಮು ಬೇರೆ. ಒಂದು ದೇಶದ ಆಂತರಿಕ ವ್ಯವಹಾರದಲ್ಲಿ ತಲೆ ಹಾಕುವಂತಿಲ್ಲ ಎಂದು ಅದು ಹೇಳುತ್ತದೆ. ಶಾಂತಿಗೆ ಅಪಾಯ ಬಂದಾಗ ಭದ್ರತಾ ಮಂಡಳಿ ಕೈಗೊಳ್ಳುವ ಕ್ರಮಕ್ಕೆ ಮಾತ್ರ ವಿನಾಯಿತಿ.

ಅಂದರೆ ಇದು ಸರ್ಕಾರಗಳು ಸರ್ಕಾರಗಳಿಗಾಗಿ ಕಟ್ಟಿಕೊಂಡ ಕೂಟ. ಜನರಿಗೆ ಅಲ್ಲಿ ಕುರ್ಚಿ ಇಲ್ಲ. ಹಕ್ಕುಗಳು ಆಮೇಲೆ ಹಿಂಬಾಗಿಲಿನಿಂದ ಬಂದವು. 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಘೋಷಣೆ ಅಂಗೀಕಾರವಾಯಿತು. ಪರವಾಗಿ 48, ವಿರೋಧ ಸೊನ್ನೆ, ದೂರ ಉಳಿದವರು 8. ಸರ್ಕಾರದ ಅಧಿಕಾರಕ್ಕೆ ಜನರ ಇಚ್ಛೆಯೇ ಆಧಾರ ಎಂದು ಅದರ 21ನೇ ವಿಧಿ ಹೇಳುತ್ತದೆ. (ಮೊದಲ ವಿಧಿಯಲ್ಲಿ 'ಎಲ್ಲ ಪುರುಷರೂ' ಎಂಬಂತೆ ಓದಿಸಿಕೊಳ್ಳುತ್ತಿದ್ದ ಮಾತನ್ನು 'ಎಲ್ಲ ಮನುಷ್ಯರೂ' ಎಂದು ಮಾಡಿಸಿದ್ದು ಭಾರತದ ಪ್ರತಿನಿಧಿ ಹಂಸಾ ಮೆಹ್ತಾ. ಈ ಹೆಣ್ಣುಮಗಳ ಹೆಸರು ಇನ್ನೂ ಜಾಸ್ತಿ ಜನಕ್ಕೆ ಗೊತ್ತಾಗಬೇಕು.) ಆದರೆ ಅದು ಘೋಷಣೆ ಮಾತ್ರ. ಮುರಿದರೆ ಕೇಳುವ ಕೋರ್ಟು ಇಲ್ಲ.

ಹೊಸಓದುಗಿ:

ಬೇಜಾರು ಮಾಡಿಕೊಳ್ಳಬೇಡಿ, ಸಣ್ಣ ಪ್ರಶ್ನೆ. ಕೇಳುವವರೇ ಇಲ್ಲ ಅಂದಮೇಲೆ ಸರ್ವಾಧಿಕಾರಿಗಳು ಇಂಥ ಒಪ್ಪಂದಗಳಿಗೆ ಸಹಿಯಾದರೂ ಯಾಕೆ ಹಾಕುತ್ತಾರೆ? ಹಾಕದೇ ಇದ್ದರೆ ಆಯ್ತಲ್ಲ.

ಕಾನೂನುಕೀಟ:

ಸಣ್ಣ ಪ್ರಶ್ನೆ ಅಲ್ಲ ಇದು. ಕಾರಣ ಹಲವು: ಸಾಲ ಬೇಕು, ವ್ಯಾಪಾರ ಬೇಕು, ನಾಲ್ಕು ಜನರ ನಡುವೆ ಮರ್ಯಾದೆ ಬೇಕು. ಸಹಿಗೆ ಖರ್ಚಿಲ್ಲ. ಉತ್ತರ ಕೊರಿಯಾ ಕೂಡ 1981ರಲ್ಲಿ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಪ್ಪಂದಕ್ಕೆ ಸೇರಿತ್ತು. 1997ರಲ್ಲಿ ಟೀಕೆ ಬಂದಾಗ ಸಿಟ್ಟಾಗಿ "ನಾವು ಹೊರಗೆ ಹೋಗ್ತೀವಿ" ಎಂದಿತು. ಆಗ ವಿಶ್ವಸಂಸ್ಥೆ ಕೊಟ್ಟ ಉತ್ತರ: ಈ ಒಪ್ಪಂದದಲ್ಲಿ ಹೊರಹೋಗುವ ಬಾಗಿಲೇ ಇಲ್ಲ, ಉಳಿದ ಎಲ್ಲ ದೇಶಗಳೂ ಒಪ್ಪಿದರೆ ಮಾತ್ರ ಹೋಗಬಹುದು. ಹೀಗಾಗಿ ಇವತ್ತಿಗೂ ಅದು ಒಳಗೇ ಇದೆ. ಅಲ್ಲಿನ ಜನರಿಗೆ ಇದರಿಂದ ಏನು ಬಂತು ಅಂತ ಕೇಳಬೇಡಿ.

ಚೀನಾದ್ದು ಇನ್ನೊಂದು ದಾರಿ. 1998ರಲ್ಲಿ ಸಹಿ ಹಾಕಿತು, ಇಂದಿಗೂ ಅನುಮೋದಿಸಿಲ್ಲ.

ಗುಬ್ಬಿಗೂಡು:

ಎಲ್ಲರೂ ವೀಟೋ ವೀಟೋ ಅಂತೀರಿ. ವೀಟೋ ಇಲ್ಲದ ಕಡೆ ಏನಾಗುತ್ತದೆ ನೋಡಿ.

ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯಲ್ಲಿ 47 ಸದಸ್ಯರು. ಯಾರಿಗೂ ವೀಟೋ ಇಲ್ಲ. ಹಳೆಯ ಆಯೋಗದ ಹೆಸರು ಕೆಟ್ಟುಹೋಗಿತ್ತು, 2003ರಲ್ಲಿ ಗದ್ದಾಫಿಯ ಲಿಬಿಯಾ ಅದರ ಅಧ್ಯಕ್ಷ ಸ್ಥಾನದಲ್ಲಿ ಕೂತಿತ್ತು. ಅದಕ್ಕೇ 2006ರಲ್ಲಿ ಅದನ್ನು ಮುಚ್ಚಿ ಈ ಮಂಡಳಿ ಕಟ್ಟಿದರು. 2022ರ ಆಗಸ್ಟ್ 31ರಂದು ಚೀನಾದ ಷಿನ್‌ಜಿಯಾಂಗ್ ಪ್ರಾಂತ್ಯದಲ್ಲಿ ಉಯಿಘರ್ ಮುಸ್ಲಿಮರ ಮೇಲಿನ ದೌರ್ಜನ್ಯದ ಬಗ್ಗೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿಯೇ ವರದಿ ಕೊಟ್ಟಿತು. ಅದೂ ಮುಖ್ಯಸ್ಥೆ ಮಿಷೆಲ್ ಬ್ಯಾಶಲೆ ಅವರ ಅವಧಿ ಮುಗಿಯಲು ಕೆಲವೇ ನಿಮಿಷ ಇದ್ದಾಗ! ಅಕ್ಟೋಬರ್ 6ರಂದು ಮಂಡಳಿಯ ಮುಂದೆ ಒಂದು ಪ್ರಸ್ತಾಪ ಬಂತು. ಚೀನಾವನ್ನು ಖಂಡಿಸಿ ಅಂತಲ್ಲ, ತನಿಖೆ ಮಾಡಿ ಅಂತಲೂ ಅಲ್ಲ. ಆ ವರದಿ ಬಗ್ಗೆ ಒಂದು ಚರ್ಚೆ ಇಡೋಣ ಅಂತ, ಅಷ್ಟೇ. ಪರವಾಗಿ 17, ವಿರೋಧ 19, ದೂರ ಉಳಿದವರು 11. ಬಿದ್ದುಹೋಯಿತು. ದೂರ ಉಳಿದ 11ರಲ್ಲಿ ಭಾರತ ಇತ್ತು, ಯುದ್ಧದ ನಡುವೆ ಇದ್ದ ಉಕ್ರೇನ್ ಕೂಡ ಇತ್ತು. ಮಾತಾಡೋಣ ಅನ್ನುವುದಕ್ಕೇ ಬಹುಮತ ಇಲ್ಲ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ ಅಂತ ನನ್ನ ಲೆಕ್ಕ. ಇವತ್ತು ಅವರ ಮೇಲೆ ಚರ್ಚೆ ಆದರೆ ನಾಳೆ ನಮ್ಮ ಮೇಲೆ ಆಗುತ್ತದಲ್ಲ ಎಂಬ ಅಂಜಿಕೆ ಪ್ರತಿ ಸರ್ಕಾರಕ್ಕೂ ಇದೆ. ಸಾಲ, ಸ್ನೇಹ, ಹಂಗು ಅದರ ಮೇಲಿನದು.

ನಿದ್ದೆಗೆಟ್ಟವ:

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಚೀನಾ ಬಗ್ಗೆ ಗಂಟಲು ಹರಿದುಕೊಳ್ಳುವ ಅಮೆರಿಕ ಗಾಜಾ ವಿಷಯ ಬಂದರೆ ವೀಟೋ ಹಾಕುತ್ತದೆ. ಇರಾಕಿಗೆ 2003ರಲ್ಲಿ ಭದ್ರತಾ ಮಂಡಳಿಯ ಒಪ್ಪಿಗೆ ಇಲ್ಲದೇ ನುಗ್ಗಿತು, ಅದೂ ಆಮೇಲಾಮೇಲೆ 'ಪ್ರಜಾಪ್ರಭುತ್ವ'ದ ಹೆಸರಿನಲ್ಲಿ.

ಗುಬ್ಬಿಗೂಡು:

ಒಪ್ಪಿದೆ. ಆದರೆ ಅಮೆರಿಕದ ಬೂಟಾಟಿಕೆ ಹೇಳಿದ ಕೂಡಲೇ ಷಿನ್‌ಜಿಯಾಂಗ್ ಕತೆ ಮುಗಿದುಹೋಗುವುದಿಲ್ಲ, ಅಲ್ವಾ? ಸರ್ವಾಧಿಕಾರಿಗಳಿಗೆ ತುಂಬಾ ಇಷ್ಟವಾದ ವಾದವೇ ಇದು: ಅವರೂ ಕಳ್ಳರು, ಹಾಗಾಗಿ ನನ್ನ ಕಳ್ಳತನ ಕೇಳಬೇಡಿ.

ಇನ್ನೊಂದು ಹೇಳಲೇಬೇಕು. 1994ರ ಏಪ್ರಿಲ್‌ನಲ್ಲಿ ರುವಾಂಡಾದಲ್ಲಿ ನರಮೇಧ ಶುರುವಾದಾಗ ವಿಶ್ವಸಂಸ್ಥೆಯ ಸುಮಾರು 2,500 ಸೈನಿಕರು ಅಲ್ಲೇ ಇದ್ದರು. ಅವರ ದಂಡನಾಯಕ ರೋಮಿಯೋ ಡಲ್ಲೇರ್ ಜನವರಿಯಲ್ಲೇ ಎಚ್ಚರಿಕೆಯ ಸಂದೇಶ ಕಳಿಸಿದ್ದರು. ಹತ್ತು ಜನ ಬೆಲ್ಜಿಯಂ ಸೈನಿಕರ ಕೊಲೆಯಾಯಿತು, ಬೆಲ್ಜಿಯಂ ತನ್ನ ಪಡೆ ವಾಪಸ್ ಕರೆಸಿಕೊಂಡಿತು. ಏಪ್ರಿಲ್ 21ರಂದು ಭದ್ರತಾ ಮಂಡಳಿ ಪಡೆಯನ್ನು 270ಕ್ಕೆ ಇಳಿಸಲು ತೀರ್ಮಾನಿಸಿತು. ಹೆಚ್ಚಿಸಲು ಅಲ್ಲ, ಇಳಿಸಲು. ನೂರು ದಿನಗಳಲ್ಲಿ ಸತ್ತವರು ಸುಮಾರು 8 ಲಕ್ಷ.

ಆ ತೀರ್ಮಾನಕ್ಕೆ ಯಾರೂ ವೀಟೋ ಹಾಕಿರಲಿಲ್ಲ, ನೆನಪಿರಲಿ. ಅಷ್ಟೇ ಅಲ್ಲ, ಆ ವರ್ಷ ರುವಾಂಡಾ ಸ್ವತಃ ಭದ್ರತಾ ಮಂಡಳಿಯ ಸದಸ್ಯ. ಕೊಲ್ಲುತ್ತಿದ್ದ ಸರ್ಕಾರದ ರಾಯಭಾರಿ ಅದೇ ಮೇಜಿನ ಸುತ್ತ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಈ ಒಂದು ವಿಷಯ ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಹಳೇಮೇಷ್ಟ್ರು:

ನೀವೆಲ್ಲ ಹೇಳುತ್ತಿರುವುದು ನಿಜ. ಆದರೆ ಅರ್ಧ ನಿಜ. ಉಳಿದರ್ಧ ನಾನು ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

1975ರ ಆಗಸ್ಟ್ 1ರಂದು ಹೆಲ್ಸಿಂಕಿಯಲ್ಲಿ 35 ದೇಶಗಳು ಒಂದು ಒಡಂಬಡಿಕೆಗೆ ಸಹಿ ಹಾಕಿದವು. ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಬೇಕಿದ್ದದ್ದು ಯುದ್ಧಾನಂತರದ ಗಡಿಗಳಿಗೆ ಮನ್ನಣೆ. ಅದಕ್ಕೆ ಬದಲಾಗಿ ಮಾನವ ಹಕ್ಕುಗಳ ಬಗ್ಗೆ ನಾಲ್ಕು ಸಾಲು ಸೇರಿಸಲು ಒಪ್ಪಿದರು. ಕಾನೂನಿನ ಬಲ ಇಲ್ಲ, ಕೋರ್ಟು ಇಲ್ಲ, ದಂಡ ಇಲ್ಲ. ಪಶ್ಚಿಮದಲ್ಲಿ ಎಷ್ಟೋ ಜನ "ಮೋಸ ಹೋದಿರಿ" ಎಂದು ತಮ್ಮ ಸರ್ಕಾರಗಳನ್ನೇ ಬೈದರು. ಸೋವಿಯತ್ ಸರ್ಕಾರ ಖುಷಿಯಿಂದ ಇಡೀ ಪಠ್ಯವನ್ನು ಪ್ರಾವ್ದಾ ಪತ್ರಿಕೆಯಲ್ಲಿ ಅಚ್ಚು ಹಾಕಿಸಿತು.

ಎಡವಿದ್ದು ಅಲ್ಲಿಯೇ. ಜನ ಅದನ್ನು ಓದಿದರು. 1976ರ ಮೇನಲ್ಲಿ ಭೌತವಿಜ್ಞಾನಿ ಯೂರಿ ಓರ್ಲೋವ್ ಮತ್ತು ಕೆಲವರು ಸೇರಿ ಮಾಸ್ಕೋದಲ್ಲಿ ಒಂದು ಗುಂಪು ಕಟ್ಟಿದರು. "ನೀವೇ ಸಹಿ ಹಾಕಿದ್ದೀರಿ, ಪಾಲಿಸುತ್ತಿದ್ದೀರಾ ಅಂತ ನಾವು ನೋಡುತ್ತೇವೆ" ಅನ್ನುವುದಷ್ಟೇ ಅವರ ಕೆಲಸ. 1977ರ ಜನವರಿಯಲ್ಲಿ ಚೆಕೊಸ್ಲೊವಾಕಿಯಾದಲ್ಲಿ, ಸಹಿ ಹಾಕಿದ ಹಕ್ಕುಗಳನ್ನು ಪಾಲಿಸಿ ಎಂದು ಕೇಳುವ 'ಚಾರ್ಟರ್ 77' ಎಂಬ ಮನವಿ ಬಂತು. ಓರ್ಲೋವ್ ಜೈಲಿಗೆ ಹೋದರು, ಚಾರ್ಟರ್‌ಗೆ ಸಹಿ ಹಾಕಿದವರು ಕೆಲಸ ಕಳೆದುಕೊಂಡರು. ಆದರೆ ಅವರ ವಾದವನ್ನು 'ಹೊರಗಿನವರ ಪಿತೂರಿ' ಎಂದು ತಳ್ಳಿಹಾಕುವುದು ಸರ್ಕಾರಕ್ಕೆ ಕಷ್ಟವಾಯಿತು. ಸಹಿ ತಮ್ಮದೇ ತಾನೇ.

ಇನ್ನೊಂದು ಕತೆ ಅರ್ಜೆಂಟೀನಾದ್ದು. 1976ರಿಂದ ಅಲ್ಲಿ ಸೈನಿಕ ಆಡಳಿತ. ಜನ ಮನೆಯಿಂದ ಕಾಣೆಯಾಗುತ್ತಿದ್ದರು. ಪೊಲೀಸರನ್ನು ಕೇಳಿದರೆ ಗೊತ್ತಿಲ್ಲ, ಕೋರ್ಟಿಗೆ ಹೋದರೆ ಗೊತ್ತಿಲ್ಲ. 1979ರ ಸೆಪ್ಟೆಂಬರಿನಲ್ಲಿ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ಆಯೋಗ ಬ್ಯೂನಸ್ ಐರಿಸ್‌ಗೆ ಬಂತು. ಎರಡು ವಾರ ಮಾತ್ರ. ಬಂದವರ ಕೈಯಲ್ಲಿ ಪೆನ್ನು ಬಿಟ್ಟರೆ ಬೇರೆ ಆಯುಧ ಇಲ್ಲ. ಕಚೇರಿ ಮುಂದೆ ಕಾಣೆಯಾದವರ ತಾಯಂದಿರು, ಹೆಂಡತಿಯರು ಸಾಲುಗಟ್ಟಿ ನಿಂತರು. ಅದೇ ವಾರ ಅರ್ಜೆಂಟೀನಾದ ಹುಡುಗರು ಯುವ ಫುಟ್‌ಬಾಲ್ ವಿಶ್ವಕಪ್ ಗೆದ್ದಿದ್ದರು. ಬೀದಿಗೆ ಬಂದು ಸಂಭ್ರಮಿಸಿ, ಬಂದವರಿಗೆ ನಮ್ಮ ದೇಶ ಹೇಗಿದೆ ತೋರಿಸಿ ಎಂದು ರೇಡಿಯೋದವರು ಕೂಗಿ ಕರೆದರು. ಒಂದು ಕಡೆ ಬಾವುಟ ಹಿಡಿದ ಮೆರವಣಿಗೆ, ಇನ್ನೊಂದು ಕಡೆ ಫೋಟೋ ಹಿಡಿದ ಸಾಲು. ಸಾಲು ಕರಗಲಿಲ್ಲ. ಐದು ಸಾವಿರಕ್ಕೂ ಹೆಚ್ಚು ದೂರುಗಳು ದಾಖಲಾದವು.

ಆ ವರದಿ ಆಡಳಿತವನ್ನು ಬೀಳಿಸಲಿಲ್ಲ. ಬೀಳಿಸಿದ್ದು 1982ರಲ್ಲಿ ಫಾಕ್‌ಲ್ಯಾಂಡ್ ಯುದ್ಧದ ಸೋಲು, ಕುಸಿದ ಆರ್ಥಿಕತೆ, ಅಲ್ಲಿನ ಜನ. ಆದರೆ 'ಕಾಣೆಯಾದವರು ಯಾರೂ ಇಲ್ಲ' ಎಂಬ ಸುಳ್ಳು ಅದರ ನಂತರ ನಿಲ್ಲಲಿಲ್ಲ. 1985ರಲ್ಲಿ ಜನರಲ್‌ಗಳು ಸ್ವಂತ ದೇಶದ ಕೋರ್ಟಿನಲ್ಲೇ ಕಟಕಟೆ ಹತ್ತಿದರು.

ಒಂಟಿಸಾಲು, ನೀವು ಹೊರಗಿನವರು 'ತರುತ್ತಾರೆಯೇ' ಎಂದು ಕೇಳುತ್ತಿದ್ದೀರಿ. ತರುವುದಿಲ್ಲ. ಒಳಗೆ ಸಾಲಿನಲ್ಲಿ ನಿಲ್ಲಲು ತಯಾರಿರುವವರಿಗೆ ಅವರು ಒಂದು ಬಾಗಿಲು ಕೊಡುತ್ತಾರೆ. ಸಾಲೇ ಇಲ್ಲದಿದ್ದರೆ ಬಾಗಿಲು ಇದ್ದೂ ಇಲ್ಲದಂತೆ.

ಒಂಟಿಸಾಲು:

ಮೇಷ್ಟ್ರೇ, ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಆದರೂ ಒಂದು ಅನುಮಾನ. ನಾವು ಗೆದ್ದ ಕತೆಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತೇವೆ ಅನಿಸುತ್ತದೆ. ಸಾಲಿನಲ್ಲಿ ನಿಂತೂ ಏನೂ ಸಿಗದವರು?

ಟರ್ಕಿಯ ಉದ್ಯಮಿ, ಹಕ್ಕುಗಳ ಹೋರಾಟಗಾರ ಉಸ್ಮಾನ್ ಕವಾಲಾ ಅವರನ್ನೇ ತೆಗೆದುಕೊಳ್ಳಿ. 2017ರಲ್ಲಿ ಬಂಧನ. 2019ರ ಡಿಸೆಂಬರಿನಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅವರನ್ನು ತಕ್ಷಣ ಬಿಡಿ ಎಂದು ತೀರ್ಪು ಕೊಟ್ಟಿತು. ಇದು ಬರೀ ಘೋಷಣೆಯಲ್ಲ, ಪಾಲಿಸಲೇಬೇಕಾದ ತೀರ್ಪು. ಟರ್ಕಿ ಪಾಲಿಸಲಿಲ್ಲ. 2022ರ ಏಪ್ರಿಲ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆ ಆಯಿತು. ಜುಲೈನಲ್ಲಿ ಅದೇ ನ್ಯಾಯಾಲಯ, ಟರ್ಕಿ ನಮ್ಮ ತೀರ್ಪು ಪಾಲಿಸಿಲ್ಲ ಎಂದು ಇನ್ನೊಂದು ತೀರ್ಪು ಕೊಟ್ಟಿತು. ತೀರ್ಪು ಪಾಲಿಸಿಲ್ಲ ಎಂಬುದಕ್ಕೇ ಒಂದು ತೀರ್ಪು! ಜಗತ್ತಿನ ಅತ್ಯಂತ ಬಲವಾದ ಮಾನವ ಹಕ್ಕು ನ್ಯಾಯಾಲಯದ ಸ್ಥಿತಿ ಇದು.

ಹೊಳೆದಂಡೆ:

ಯುರೋಪು ಬಂತಲ್ಲ, ಅದಕ್ಕೇ ಬಾಯಿ ಬಿಡುತ್ತಿದ್ದೇನೆ. ಯುರೋಪಿನ ಒಕ್ಕೂಟದ ಕತೆಗೆ ನಮ್ಮಲ್ಲಿ ಗಾದೆ ರೆಡಿ ಇದೆ: ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ.

ಸೇರುವ ಮೊದಲು ಒಕ್ಕೂಟದ ಮಾತಿಗೆ ಬಂಗಾರದ ಬೆಲೆ. 1993ರ ಕೋಪನ್‌ಹೇಗನ್ ನಿಯಮಗಳ ಪ್ರಕಾರ ಪ್ರಜಾಪ್ರಭುತ್ವ, ಕಾನೂನಿನ ಆಡಳಿತ, ಅಲ್ಪಸಂಖ್ಯಾತರ ರಕ್ಷಣೆ ಇದ್ದರೆ ಮಾತ್ರ ಒಳಗೆ. ಸೇರುವ ಆಸೆಯಿಂದ ದೇಶಗಳು ಕಾನೂನು ಬದಲಿಸಿದವು. ಟರ್ಕಿ ಮರಣದಂಡನೆ ರದ್ದು ಮಾಡಿದ್ದೂ ಆ ಆಸೆ ಜೀವಂತವಾಗಿದ್ದ ದಿನಗಳಲ್ಲೇ.

ಸೇರಿದ ಮೇಲೆ? ಹಂಗೇರಿ 2004ರಲ್ಲಿ ಒಳಗೆ ಬಂತು. 2010ರ ನಂತರ ಪ್ರಧಾನಿ ಓರ್ಬಾನ್ ಸರ್ಕಾರ ಪತ್ರಿಕೆ, ಕೋರ್ಟು, ಚುನಾವಣಾ ನಿಯಮ ಒಂದೊಂದನ್ನೇ ತನ್ನ ಕಡೆ ಬಾಗಿಸಿಕೊಂಡಿತು. ಎಲ್ಲ ಕಾನೂನಿನ ಮೂಲಕವೇ, ಟ್ಯಾಂಕು ಬೀದಿಗೆ ಇಳಿಯಲಿಲ್ಲ. ತಪ್ಪು ಮಾಡಿದ ಸದಸ್ಯನ ಮತದ ಹಕ್ಕು ಕಿತ್ತುಕೊಳ್ಳಲು ಒಕ್ಕೂಟದ ಒಪ್ಪಂದದಲ್ಲಿ 7ನೇ ವಿಧಿ ಇದೆ. ಪೋಲೆಂಡ್ ಮೇಲೆ 2017ರಲ್ಲಿ, ಹಂಗೇರಿ ಮೇಲೆ 2018ರಲ್ಲಿ ಅದನ್ನು ಶುರು ಮಾಡಿದರು. ಆದರೆ ಕೊನೆಯ ಮೆಟ್ಟಿಲಿಗೆ ಉಳಿದ ಎಲ್ಲ ದೇಶಗಳ ಒಪ್ಪಿಗೆ ಬೇಕು. ಪೋಲೆಂಡನ್ನು ಹಂಗೇರಿ ಕಾಯಿತು, ಹಂಗೇರಿಯನ್ನು ಪೋಲೆಂಡ್ ಕಾಯಿತು. ಮುಗಿಯಿತು.

ಸ್ವಲ್ಪ ನಾಟಿದ್ದು ದುಡ್ಡು ಮಾತ್ರ. 2022ರ ಡಿಸೆಂಬರಿನಲ್ಲಿ ಹಂಗೇರಿಗೆ ಬರಬೇಕಿದ್ದ 630 ಕೋಟಿ ಯೂರೋ ತಡೆಹಿಡಿದರು. ಪೋಲೆಂಡಿನ ಹಣವೂ ನಿಂತಿತ್ತು. ಅದು ಬಿಡುಗಡೆಯಾದದ್ದು ಯಾವಾಗ ಗೊತ್ತಾ? 2023ರ ಅಕ್ಟೋಬರಿನಲ್ಲಿ ಪೋಲೆಂಡಿನ ಮತದಾರರು ಸರ್ಕಾರ ಬದಲಿಸಿದ ಮೇಲೆ, 2024ರಲ್ಲಿ. ಮೇಷ್ಟ್ರು ಹೇಳಿದ ಸಾಲು ಅಲ್ಲಿ ಮತಗಟ್ಟೆ ಮುಂದೆ ಇತ್ತು.

ಹೊಸಓದುಗಿ:

ಹಾಗಾದರೆ ಸೈನ್ಯ ಕಳಿಸಿದರೆ ಕೆಲಸ ಆಗುತ್ತದಾ? ಕಾಂಬೋಡಿಯಾದಲ್ಲಿ ಆಗಲಿಲ್ಲ ಅಂದಿರಿ. ಬೇರೆಲ್ಲೂ ಆಗಿಲ್ಲವಾ?

ನಕ್ಷೆಹುಚ್ಚ:

ಗ್ಯಾಂಬಿಯಾದಲ್ಲಿ ಆಗಿದೆ. ನನಗೆ ತುಂಬಾ ಇಷ್ಟವಾದ ಉದಾಹರಣೆ. ನಕ್ಷೆ ತೆಗೆದು ನೋಡಿ: ನದಿಯ ಎರಡೂ ದಡಕ್ಕೆ ಅಂಟಿಕೊಂಡ ಪುಟ್ಟ ದೇಶ, ಮೂರು ಕಡೆ ಸೆನೆಗಲ್, ಒಂದು ಕಡೆ ಸಮುದ್ರ.

ಯಾಹ್ಯಾ ಜಮ್ಮೆ 22 ವರ್ಷ ಆಳಿದವರು. 2016ರ ಡಿಸೆಂಬರ್ 1ರಂದು ಚುನಾವಣೆಯಲ್ಲಿ ಆಡಾಮಾ ಬ್ಯಾರೋ ಎದುರು ಸೋತರು. ಮೊದಲು ಸೋಲು ಒಪ್ಪಿದರು, ಒಂದು ವಾರದ ಮೇಲೆ ಮಾತು ತಿರುಗಿಸಿದರು. ಪಶ್ಚಿಮ ಆಫ್ರಿಕಾ ದೇಶಗಳ ಒಕ್ಕೂಟ ಇಕೊವಾಸ್ ಗಡುವು ಕೊಟ್ಟಿತು. 2017ರ ಜನವರಿ 19ರಂದು ಬ್ಯಾರೋ ಸೆನೆಗಲ್ ರಾಜಧಾನಿ ಡಕಾರ್‌ನಲ್ಲಿರುವ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲೇ ಪ್ರಮಾಣವಚನ ತೆಗೆದುಕೊಂಡರು. ಇಕೊವಾಸ್ ಸೈನ್ಯ ಗಡಿ ದಾಟಿತು. ಎರಡು ದಿನದಲ್ಲಿ ಜಮ್ಮೆ ವಿಮಾನ ಹತ್ತಿದರು.

ಇದನ್ನೇ ನೆನೆದು 2023ರ ಜುಲೈನಲ್ಲಿ ನೈಜರ್‌ನಲ್ಲಿ ಸೇನಾ ದಂಗೆಯಾದಾಗ ಇಕೊವಾಸ್ ಒಂದು ವಾರದ ಗಡುವು ಕೊಟ್ಟಿತು. ವಾರ ಮುಗಿಯಿತು. ಯಾರೂ ಬರಲಿಲ್ಲ. ಗಡಿ ಮುಚ್ಚಿದರು, ನೈಜೀರಿಯಾದಿಂದ ಬರುತ್ತಿದ್ದ ಕರೆಂಟು ನಿಲ್ಲಿಸಿದರು. ಕತ್ತಲಲ್ಲಿ ಕೂತವರು ಜನರಲ್‌ಗಳಲ್ಲ, ಜನ. ಸಿಟ್ಟು ಇಕೊವಾಸ್ ಮೇಲೆ ತಿರುಗಿತು. ನೈಜರ್, ಮಾಲಿ, ಬುರ್ಕಿನಾ ಫಾಸೊ ಮೂರೂ ಸೇರಿ 2025ರ ಜನವರಿಯಲ್ಲಿ ಒಕ್ಕೂಟ ಬಿಟ್ಟೇ ಹೋದವು.

ಅದೇ ಸಂಸ್ಥೆ, ಅದೇ ಧೋರಣೆ. ವ್ಯತ್ಯಾಸ ಎಲ್ಲಿ? ಗ್ಯಾಂಬಿಯಾದಲ್ಲಿ ಜನ ಆಗಲೇ ತೀರ್ಪು ಕೊಟ್ಟಿದ್ದರು. ಸೇನಾ ಮುಖ್ಯಸ್ಥ ಹೋರಾಡುವುದಿಲ್ಲ ಎಂದಿದ್ದ. ಪಕ್ಕದಲ್ಲಿ ಬಲಿಷ್ಠ ನೆರೆಮನೆ ಇತ್ತು. ನೈಜರ್ ಮರುಭೂಮಿಯ ವಿಶಾಲ ದೇಶ, ಸೈನ್ಯವೇ ಅಧಿಕಾರ ಹಿಡಿದಿತ್ತು, ರಾಜಧಾನಿಯ ಬೀದಿಗಳಲ್ಲಿ ಅದಕ್ಕೆ ಜೈಕಾರವೂ ಇತ್ತು.

ಕಾನೂನುಕೀಟ:

ಇದಕ್ಕೊಂದು ಸೇರಿಸಬೇಕು. ಆಫ್ರಿಕಾ ಒಕ್ಕೂಟ ದಂಗೆಯಾದರೆ ಸಾಮಾನ್ಯವಾಗಿ ಸದಸ್ಯತ್ವ ಅಮಾನತು ಮಾಡುತ್ತದೆ. ಒಳ್ಳೆಯದು. ಆದರೆ ಒಬ್ಬ ಅಧ್ಯಕ್ಷ ಸಂವಿಧಾನ ತಿದ್ದಿ ಮೂರನೇ ಸಲ, ನಾಲ್ಕನೇ ಸಲ ಕುರ್ಚಿಯಲ್ಲಿ ಕೂತರೆ? ಅದಕ್ಕೆ ಅಂಥ ಗಟ್ಟಿ ಶಿಕ್ಷೆ ಇಲ್ಲ. ಇವತ್ತಿನ ಪ್ರಜಾಪ್ರಭುತ್ವಗಳು ಜಾಸ್ತಿ ಸಾಯುತ್ತಿರುವುದು ಈ ಎರಡನೇ ರೀತಿಯಲ್ಲಿ. ಸಂಸ್ಥೆಗಳ ಹತ್ತಿರ ಇರುವುದು ಹಳೆಯ ಕಾಯಿಲೆಯ ಔಷಧಿ.

ಮತಗಟ್ಟೆ:

ಚುನಾವಣಾ ವೀಕ್ಷಕರ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2017ರ ಆಗಸ್ಟ್ 8ರ ಕೀನ್ಯಾ ಚುನಾವಣೆ. ಬಹುತೇಕ ಎಲ್ಲ ಅಂತರರಾಷ್ಟ್ರೀಯ ವೀಕ್ಷಕ ತಂಡಗಳೂ ಮತದಾನ ಚೆನ್ನಾಗಿ ನಡೆಯಿತು ಎಂದವು. ಸೆಪ್ಟೆಂಬರ್ 1ರಂದು ಅಲ್ಲಿನ ಸುಪ್ರೀಂ ಕೋರ್ಟು ಇಡೀ ಅಧ್ಯಕ್ಷೀಯ ಚುನಾವಣೆಯನ್ನೇ ರದ್ದು ಮಾಡಿತು! ತೊಡಕು ಇದ್ದದ್ದು ಮತಗಟ್ಟೆಯಲ್ಲಿ ಅಲ್ಲ, ಫಲಿತಾಂಶ ಕಳಿಸುವ ವ್ಯವಸ್ಥೆಯಲ್ಲಿ. ಕೋರ್ಟು ಸರ್ವರ್ ತೋರಿಸಿ ಎಂದಾಗ ಚುನಾವಣಾ ಆಯೋಗ ಸರಿಯಾಗಿ ತೋರಿಸಲಿಲ್ಲ.

ವೀಕ್ಷಕರು ಸುಳ್ಳು ಹೇಳಿದರು ಅಂತಲ್ಲ. ಅವರು ಸಾಲು ನೋಡಿದರು, ಪೆಟ್ಟಿಗೆ ನೋಡಿದರು. ಗಲಾಟೆ ಆಗದಿರಲಿ, ರಕ್ತ ಹರಿಯದಿರಲಿ ಎಂಬ ಆಸೆಯೂ ಅವರಲ್ಲಿ ಇರುತ್ತದೆ, 2007ರ ಚುನಾವಣೆ ನಂತರ ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಆ ಆಸೆ ಕಣ್ಣಿಗೆ ಸ್ವಲ್ಪ ಪರದೆ ಹಾಕುತ್ತದೆ. ಮಲಾವಿಯಲ್ಲೂ 2019ರ ಚುನಾವಣೆಯನ್ನು 2020ರ ಫೆಬ್ರವರಿಯಲ್ಲಿ ರದ್ದು ಮಾಡಿದ್ದು ಅಲ್ಲಿನದೇ ಕೋರ್ಟು. ಮರುಚುನಾವಣೆಯಲ್ಲಿ ವಿರೋಧ ಪಕ್ಷ ಗೆದ್ದಿತು. ಹೊರಗಿನ ನೂರು ವೀಕ್ಷಕರಿಗಿಂತ ಒಳಗಿನ ಧೈರ್ಯವಂತ ನ್ಯಾಯಾಧೀಶರು ನಾಲ್ಕು ಜನ ಸಾಕು.

ನಿದ್ದೆಗೆಟ್ಟವ:

ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ಬಗ್ಗೆಯೂ ಒಂದು ಕೈ ನೋಡಿಬಿಡೋಣ. ಸುಡಾನಿನ ಅಧ್ಯಕ್ಷರಾಗಿದ್ದ ಬಶೀರ್ ಮೇಲೆ 2009ರಲ್ಲಿ ವಾರಂಟು. 2015ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋಗಿ, ಅಲ್ಲಿನ ಕೋರ್ಟು ದೇಶ ಬಿಡಬಾರದು ಎಂದರೂ ಆರಾಮಾಗಿ ವಾಪಸ್ ಬಂದರು. ಪುಟಿನ್ ಮೇಲೆ 2023ರಲ್ಲಿ ವಾರಂಟು, 2024ರಲ್ಲಿ ಸದಸ್ಯ ದೇಶವಾದ ಮಂಗೋಲಿಯಾದಲ್ಲಿ ಕೆಂಪು ಹಾಸಿನ ಸ್ವಾಗತ. ನೆತನ್ಯಾಹು ಮೇಲೆ 2024ರಲ್ಲಿ ವಾರಂಟು, 2025ರ ಏಪ್ರಿಲ್‌ನಲ್ಲಿ ಹಂಗೇರಿ ಪ್ರವಾಸ, ಅದೇ ಹೊತ್ತಿಗೆ ಹಂಗೇರಿ "ನಾವು ಈ ನ್ಯಾಯಾಲಯವನ್ನೇ ಬಿಡುತ್ತೇವೆ" ಎಂದಿತು. ಪೊಲೀಸರೇ ಇಲ್ಲದ ಠಾಣೆ.

ಹಳೇಮೇಷ್ಟ್ರು:

ಫಿಲಿಪೀನ್ಸಿನ ಮಾಜಿ ಅಧ್ಯಕ್ಷ ಡುಟರ್ಟೆಯನ್ನು ಬಿಟ್ಟುಬಿಟ್ಟಿರಲ್ಲ.

ನಿದ್ದೆಗೆಟ್ಟವ:

ಬಿಡಲಿಲ್ಲ ಮೇಷ್ಟ್ರೇ, ಉಳಿಸಿಕೊಂಡಿದ್ದೆ. 2019ರಲ್ಲಿ ಫಿಲಿಪೀನ್ಸ್ ನ್ಯಾಯಾಲಯದಿಂದ ಹೊರಗೆ ಹೋಯಿತು. ಆದರೆ ಸದಸ್ಯನಾಗಿದ್ದಾಗ ಡುಟರ್ಟೆಯ ಮಾದಕವಸ್ತು ವಿರೋಧಿ ಕಾರ್ಯಾಚರಣೆಯಲ್ಲಿ ನಡೆದ ಕೊಲೆಗಳ ಲೆಕ್ಕ ಉಳಿದಿತ್ತು. 2025ರ ಮಾರ್ಚ್ 11ರಂದು ಮನಿಲಾದಲ್ಲಿ ಬಂಧನ, ಅಂದೇ ಹೇಗ್‌ಗೆ ವಿಮಾನ. ಯಾಕಾಯಿತು? ಆಗ ಅಧ್ಯಕ್ಷರಾಗಿದ್ದ ಮಾರ್ಕೋಸ್ ಮತ್ತು ಡುಟರ್ಟೆ ಕುಟುಂಬಗಳ ನಡುವೆ ಅಷ್ಟರಲ್ಲಿ ಜಗಳ ಹತ್ತಿತ್ತು. ಇಬ್ಬರೂ ಚೆನ್ನಾಗಿದ್ದಿದ್ದರೆ ವಾರಂಟು ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು.

ಗುಬ್ಬಿಗೂಡು:

ಜಗಳ ಕಾರಣ ಇರಬಹುದು. ಆದರೆ ಸತ್ತವರ ಮನೆಯ ಹೆಂಗಸರು ವರ್ಷಗಟ್ಟಲೆ ಸಾಕ್ಷಿ ಕೂಡಿಡದಿದ್ದರೆ, ವಕೀಲರು ಕಡತ ಮಾಡಿಡದಿದ್ದರೆ, ಜಗಳ ಹತ್ತಿದ ದಿನ ಕೈಯಲ್ಲಿ ವಾರಂಟೇ ಇರುತ್ತಿರಲಿಲ್ಲ. ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡಬೇಡಿ.

ನಿದ್ದೆಗೆಟ್ಟವ:

ಸರಿ, ಇದೊಂದನ್ನು ಒಪ್ಪಿದೆ.

ನಕ್ಷೆಹುಚ್ಚ:

ಗ್ಯಾಂಬಿಯಾ ಬಗ್ಗೆ ಇನ್ನೊಂದು ತುಂಡು ಉಳಿದಿತ್ತು. ಜಮ್ಮೆ ಹೋದ ಮೇಲೆ ಬಂದ ಸರ್ಕಾರದ ನ್ಯಾಯ ಮಂತ್ರಿ ಅಬೂಬಕರ್ ತಂಬಾಡು ಹಿಂದೆ ರುವಾಂಡಾ ನರಮೇಧದ ವಿಚಾರಣಾ ನ್ಯಾಯಮಂಡಳಿಯಲ್ಲಿ ಕೆಲಸ ಮಾಡಿದವರು. 2018ರಲ್ಲಿ, ಮ್ಯಾನ್ಮಾರ್‌ನಿಂದ ಓಡಿಬಂದ ರೋಹಿಂಗ್ಯಾ ಮುಸ್ಲಿಮರ ಬಾಂಗ್ಲಾದೇಶದ ಶಿಬಿರಕ್ಕೆ ಹೋದರು. ಅಲ್ಲಿ ಕೇಳಿದ್ದು ಅವರಿಗೆ ರುವಾಂಡಾವನ್ನೇ ನೆನಪಿಸಿತು. 2019ರ ನವೆಂಬರಿನಲ್ಲಿ ಗ್ಯಾಂಬಿಯಾ ಮ್ಯಾನ್ಮಾರ್ ವಿರುದ್ಧ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ (ಇದು ಬೇರೆ ಕೋರ್ಟು, ದೇಶ ದೇಶಗಳ ನಡುವಿನ ವ್ಯಾಜ್ಯಕ್ಕೆ) ಕೇಸು ಹಾಕಿತು. ದೊಡ್ಡವರು ಯಾರೂ ಹಾಕಲಿಲ್ಲ. ರೋಹಿಂಗ್ಯಾ ಜನರನ್ನು ಕಾಪಾಡಿ ಎಂದು 2020ರ ಜನವರಿ 23ರಂದು ನ್ಯಾಯಾಲಯ ಮ್ಯಾನ್ಮಾರ್‌ಗೆ ಆದೇಶ ಕೊಟ್ಟಿತು.

ಹೊಸಓದುಗಿ:

ಮ್ಯಾನ್ಮಾರ್ ಕೇಳಿತಾ?

ನಕ್ಷೆಹುಚ್ಚ:

ಒಂದು ವರ್ಷದಲ್ಲಿ, 2021ರ ಫೆಬ್ರವರಿ 1ರಂದು, ಸೈನ್ಯ ಅಲ್ಲಿನ ಸರ್ಕಾರವನ್ನೇ ಕಿತ್ತುಹಾಕಿತು. ಹೇಗ್‌ಗೆ ಹೋಗಿ ದೇಶದ ಪರ ವಾದಿಸಿದ್ದ ಆಂಗ್ ಸಾನ್ ಸೂಕಿ ಜೈಲಿಗೆ. ಏಪ್ರಿಲ್‌ನಲ್ಲಿ ಆಗ್ನೇಯ ಏಷ್ಯಾ ದೇಶಗಳ ಒಕ್ಕೂಟ ಆಸಿಯಾನ್ ಐದು ಅಂಶಗಳ ಒಪ್ಪಂದ ಮಾಡಿತು, ದಂಗೆ ಮಾಡಿದ ಜನರಲ್ ಎದುರಿಗೇ. ಮೊದಲ ಅಂಶ ಹಿಂಸೆ ನಿಲ್ಲಿಸುವುದು. ಅದೂ ಆಗಲಿಲ್ಲ.

ಒಂಟಿಸಾಲು:

ಶುರು ಮಾಡಿದವನು ನಾನು, ಕಾಂಬೋಡಿಯಾಕ್ಕೇ ವಾಪಸ್ ಬರುತ್ತೇನೆ. ಮೊದಲ ಪೋಸ್ಟಿನಲ್ಲಿ ಒಂದು ವಿಷಯ ಬಿಟ್ಟಿದ್ದೆ, ಮುಖ್ಯ ಅಂತ ಆಗ ಅನಿಸಿರಲಿಲ್ಲ.

1993ರಲ್ಲಿ ವಿಶ್ವಸಂಸ್ಥೆ ಅಲ್ಲಿ ಒಂದು ರೇಡಿಯೋ ಕೇಂದ್ರ ನಡೆಸುತ್ತಿತ್ತು. ಅದು ಮತ್ತೆ ಮತ್ತೆ ಹೇಳುತ್ತಿದ್ದ ಮಾತು ಒಂದೇ: ನಿಮ್ಮ ವೋಟು ಗುಟ್ಟು, ಯಾರಿಗೆ ಹಾಕಿದಿರಿ ಅಂತ ಯಾರಿಗೂ ತಿಳಿಯುವುದಿಲ್ಲ.

2013ರಲ್ಲಿ ಅಲ್ಲಿನ ವಿರೋಧ ಪಕ್ಷ 123ರಲ್ಲಿ 55 ಸೀಟು ಗೆದ್ದಿತ್ತು. 2017ರಲ್ಲಿ ಅದನ್ನು ವಿಸರ್ಜಿಸಿದ್ದು ಆ ಹೆದರಿಕೆಗೇ ಇರಬೇಕು. 2018ರ ಚುನಾವಣೆ ಬಹಿಷ್ಕರಿಸಿ ಎಂದು ವಿರೋಧಿಗಳು ಕರೆ ಕೊಟ್ಟರು. ಆದರೆ ಬೆರಳಿಗೆ ಶಾಯಿ ಇಲ್ಲದಿದ್ದರೆ ವೋಟು ಹಾಕಿಲ್ಲ ಅಂತ ಊರಿಗೆಲ್ಲ ಗೊತ್ತಾಗುತ್ತದೆ. ಜನ ಹೋದರು, ಬೆರಳಿಗೆ ಶಾಯಿ ಹಾಕಿಸಿಕೊಂಡರು. 125ಕ್ಕೆ 125 ಬಂದ ಆ ಚುನಾವಣೆಯಲ್ಲಿ ಸುಮಾರು 6 ಲಕ್ಷ ಮತಗಳು ಕುಲಗೆಟ್ಟವು ಎಂದು ಲೆಕ್ಕಕ್ಕೆ ಬಂದವು. ಎರಡನೇ ಸ್ಥಾನ ಬಂದ ಪಕ್ಷಕ್ಕೂ ಅಷ್ಟು ವೋಟು ಬಿದ್ದಿರಲಿಲ್ಲ.

ಇದು ಆ ರೇಡಿಯೋ ಕಲಿಸಿದ್ದು ಅಂತ ನಾನು ಹೇಳಲಾರೆ, 25 ವರ್ಷದ ಅಂತರ ಇದೆ. ಆದರೆ ಪರದೆಯ ಹಿಂದೆ ತಾವು ಏನು ಮಾಡಿದರೂ ಗುಟ್ಟಾಗಿ ಉಳಿಯುತ್ತದೆ ಅನ್ನುವುದು ಆ ಜನಕ್ಕೆ ಗೊತ್ತಿತ್ತು.

ನಿದ್ದೆಗೆಟ್ಟವ:

6 ಲಕ್ಷ? ಇದು ನನಗೆ ಗೊತ್ತಿರಲಿಲ್ಲ. ಬೀಗ ಸದ್ಯಕ್ಕೆ ಬೇಡ ಬಿಡಿ.